ಮನೆಯ ಮರಗೆಲಸದ ಕೋಣೆಗೆ ಕಪಾಟು: ಯಾವ ಜಾಗ, ಯಾವ ಹಲಗೆ, ಯಾವ ಕೂಡಿಕೆ?

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮ ಮನೆಯ ಹಿಂದಿದ್ದ ಸೌದೆ ಕೊಟ್ಟಿಗೆಯನ್ನು ಮರಗೆಲಸದ ಕೋಣೆಯಾಗಿ ಮಾಡಿಕೊಂಡಾಗ ಗರಗಸ, ಉಳಿ, ಡ್ರಿಲ್ಲುಗಳೆಲ್ಲ ಮೊದಲೇ ಬಂದು ಸೇರಿದ್ದವು. ಅವನ್ನು ಇಡುವುದೆಲ್ಲಿ ಎಂಬ ಯೋಚನೆ ಮಾತ್ರ ಎಷ್ಟೋ ದಿನಗಳ ಮೇಲೆ ಬಂತು. 10 ಅಡಿ ಅಗಲ, 12 ಅಡಿ ಉದ್ದದ ಕೋಣೆ. ಮಂಗಳೂರು ಹೆಂಚಿನ ಮಾಡು, ಕೆಂಪುಕಲ್ಲಿನ ಗೋಡೆ, ಸಿಮೆಂಟಿನ ನೆಲ. ಸದ್ಯಕ್ಕಿರಲಿ ಎಂದು ಪೇಟೆಯಿಂದ ಪಾರ್ಟಿಕಲ್ ಬೋರ್ಡಿನ (ಮರದ ಚೂರುಗಳನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆಯ) ಸಿದ್ಧ ಕಪಾಟೊಂದನ್ನು ತಂದು ನಿಲ್ಲಿಸಿದೆ. ಆಷಾಢ ಕಳೆಯುವಷ್ಟರಲ್ಲಿ ಅದರ ಬುಡದ ಹಲಗೆ ನೆನೆಸಿಟ್ಟ ಅವಲಕ್ಕಿಯಂತೆ ಉಬ್ಬಿತ್ತು. ಒಂದು ದಿನ ಬಾಗಿಲು ತೆರೆಯಲು ಹೋದರೆ ಹಿಂಜು ಸ್ಕ್ರೂಗಳ ಸಮೇತ ಕಿತ್ತು ಕೈಗೆ ಬಂತು. ಆ ಕಪಾಟಿನ ತಪ್ಪಾದರೂ ಏನು? ಅದನ್ನು ಮಾಡಿದ್ದು ಫ್ಲ್ಯಾಟಿನ ಮಲಗುವ ಕೋಣೆಗೆ, ನಾನು ನಿಲ್ಲಿಸಿದ್ದು ಮಲೆನಾಡಿನ ಕೊಟ್ಟಿಗೆಯಲ್ಲಿ.

ಆಮೇಲೆ ನಾನೇ ಕೂಡಿಸಿದ ನಾಲ್ಕು ಕಪಾಟುಗಳಿಂದ ಕಲಿತದ್ದನ್ನು ಇಲ್ಲಿ ಹೋಲಿಸಿ ಬರೆಯುತ್ತಿದ್ದೇನೆ. ಸಾಮಾನ್ಯವಾಗಿ ಇಂಥ ಕೆಲಸಕ್ಕೆ ಕೈಹಾಕುವವರು ಮೊದಲು ಪ್ಲೈವುಡ್ ಅಂಗಡಿಗೆ ಹೋಗಿ ದರ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹಲಗೆಯ ಆಯ್ಕೆ ಕೊನೆಗೆ ಬರಬೇಕಾದದ್ದು. ಕಪಾಟಿನೊಳಗೆ ಏನು ಹೋಗುತ್ತದೆ, ಅದರ ಭಾರವೆಷ್ಟು, ಕಪಾಟು ನೆಲದ ಮೇಲೆ ನಿಲ್ಲುತ್ತದೆಯೋ ಗೋಡೆಗೆ ತೂಗುತ್ತದೆಯೋ ಎಂಬುದು ತೀರ್ಮಾನವಾದರೆ ಹಲಗೆ ಯಾವುದು, ದಪ್ಪವೆಷ್ಟು ಎಂಬ ಪ್ರಶ್ನೆಗಳು ಅರ್ಧ ತಾವಾಗಿಯೇ ಬಗೆಹರಿಯುತ್ತವೆ.

ಭಾರದ ಲೆಕ್ಕ

ಅಡುಗೆಮನೆಯ ಕಪಾಟಿಗೂ ಮರಗೆಲಸದ ಕಪಾಟಿಗೂ ಇರುವ ದೊಡ್ಡ ವ್ಯತ್ಯಾಸ ಭಾರದ್ದು. ಒಂದು ಲೀಟರ್ ಡಬ್ಬದ ತುಂಬ ಕಬ್ಬಿಣದ ಸ್ಕ್ರೂ ತುಂಬಿಸಿ ತೂಕಕ್ಕಿಟ್ಟರೆ ಎರಡೂವರೆಯಿಂದ ಮೂರು ಕೆ.ಜಿ. ತೂಗುತ್ತದೆ. 28 ಅಂಗುಲ ಅಗಲ, 15 ಅಂಗುಲ ಆಳ, 4 ಅಂಗುಲ ಎತ್ತರದ ಡ್ರಾಯರ್‌ನಲ್ಲಿ ಸುಮಾರು 27 ಲೀಟರ್ ಹಿಡಿಯುವಷ್ಟು ಜಾಗವಿರುತ್ತದೆ. ಅಂಥದ್ದನ್ನು ಸ್ಕ್ರೂ, ಮೊಳೆ, ಬೋಲ್ಟುಗಳಿಂದ ತುಂಬಿದರೆ ತೂಕ 60 ಕೆ.ಜಿ. ದಾಟುತ್ತದೆ; ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಡ್ರಾಯರ್ ಜಾರಲು ಬದಿಗೆ ಹಾಕುವ ಟೆಲಿಸ್ಕೋಪಿಕ್ ಚಾನೆಲ್‌ಗಳಾದರೋ 35ರಿಂದ 45 ಕೆ.ಜಿ.ಗೆ ತಯಾರಾದವು. ಆದ್ದರಿಂದ ಕಬ್ಬಿಣದ ಚಿಲ್ಲರೆ ಸಾಮಾನುಗಳಿಗೆ 2 ಅಂಗುಲಕ್ಕಿಂತ ಎತ್ತರದ ಡ್ರಾಯರ್ ಮಾಡಲೇಬಾರದು. ಎತ್ತರವಿದ್ದರೆ ತುಂಬುತ್ತೇವೆ, ತುಂಬಿದರೆ ಜಗ್ಗುತ್ತದೆ.

ಅಡ್ಡಹಲಗೆಗಳ ವಿಷಯದಲ್ಲಿ ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಭಾರ ಅಷ್ಟೇ ಇದ್ದು ಎರಡು ಆಧಾರಗಳ ನಡುವಿನ ಉದ್ದ ಇಮ್ಮಡಿಯಾದರೆ ಹಲಗೆಯ ಬಾಗು ಎಂಟು ಪಟ್ಟಾಗುತ್ತದೆ. ಉದ್ದ ಅಷ್ಟೇ ಇದ್ದು ದಪ್ಪ 18 ಮಿ.ಮೀ. ಬದಲು 12 ಮಿ.ಮೀ. ಆದರೆ ಬಾಗು ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ಅಂದರೆ ದಪ್ಪದಲ್ಲಿ ಉಳಿಸಿದ ಹಣ ಮುಂದಿನ ವರ್ಷ ಬಾಳೆಹಣ್ಣಿನ ಆಕಾರದಲ್ಲಿ ಕಣ್ಣಿಗೆ ಬೀಳುತ್ತದೆ. 18 ಮಿ.ಮೀ. ಪ್ಲೈವುಡ್ಡಿಗೆ ಭಾರದ ಸಾಮಾನಿದ್ದಲ್ಲಿ 30 ಅಂಗುಲಕ್ಕಿಂತ ಹೆಚ್ಚಿನ ಅಗಲ ಬೇಡ. ಅಷ್ಟು ಅಗಲವಿದ್ದಾಗಲೂ ಮುಂದಿನ ಅಂಚಿನಡಿ ಒಂದೂವರೆ ಅಂಗುಲದ ಗಟ್ಟಿಮರದ ರೀಪನ್ನು ನಿಲ್ಲಿಸಿ ಅಂಟಿಸಿದರೆ ಹಲಗೆಗೆ ಬೆನ್ನೆಲುಬು ಬಂದಂತಾಗುತ್ತದೆ.

ನೆಲವೋ, ಗೋಡೆಯೋ, ಗಾಲಿಯೋ?

ಗೋಡೆಗೆ ತೂಗುವ ಕಪಾಟು ಸಣ್ಣ ಕೋಣೆಯವರಿಗೆಲ್ಲ ಆಕರ್ಷಕ. ನೆಲ ಖಾಲಿ ಉಳಿಯುತ್ತದೆ, ಗುಡಿಸಲು ಸುಲಭ, ಗೆದ್ದಲು (ನಮ್ಮ ಕಡೆಯ ಮಾತಿನಲ್ಲಿ ಒರಲೆ) ನೇರವಾಗಿ ಹತ್ತುವುದಿಲ್ಲ. ಇಂಥ ಕಪಾಟಿಗೆ ಫ್ರೆಂಚ್ ಕ್ಲೀಟ್ ಎಂಬ ವಿಧಾನ ಬಹಳ ಅನುಕೂಲ. 18 ಮಿ.ಮೀ. ಪಟ್ಟಿಯೊಂದನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿ, ಒಂದು ಅರ್ಧವನ್ನು ಓರೆಯಂಚು ಮೇಲಾಗಿ ಗೋಡೆಗೆ, ಇನ್ನೊಂದನ್ನು ಓರೆಯಂಚು ಕೆಳಗಾಗಿ ಕಪಾಟಿನ ಬೆನ್ನಿಗೆ ಕೂರಿಸಿದರೆ ಕಪಾಟನ್ನು ಎತ್ತಿ ಸಿಕ್ಕಿಸಬಹುದು, ಬೇಕೆಂದಾಗ ಎತ್ತಿ ತೆಗೆಯಬಹುದು. ಗೋಡೆಗೂ ಕಪಾಟಿನ ಬೆನ್ನಿಗೂ ನಡುವೆ ಮುಕ್ಕಾಲು ಅಂಗುಲ ಸಂದು ಉಳಿಯುವುದು ಮಳೆ ಸೀಮೆಯಲ್ಲಿ ಇದರ ಇನ್ನೊಂದು ಲಾಭ. ಎರಚಲು ಹೊಡೆಯುವ ಪಶ್ಚಿಮದ ಗೋಡೆಗೆ ಹಲಗೆಯನ್ನು ಒತ್ತಿ ನಿಲ್ಲಿಸಿದರೆ ಬೆನ್ನಿನ ತುಂಬ ಬೂಷ್ಟು ಹಿಡಿಯುವುದು ಖಚಿತ. ಗಾಳಿಯಾಡಲು ಸಂದಿದ್ದರೆ ಆ ಕಾಟ ಬಹಳ ಕಡಿಮೆ.

ಆದರೆ ಗೋಡೆ ಯಾವುದರದ್ದು ಎಂದು ನೋಡದೆ ಈ ಆಯ್ಕೆ ಮಾಡಬಾರದು. ಸುಟ್ಟ ಇಟ್ಟಿಗೆ, ಕಾಂಕ್ರೀಟಿನ ಸಾಲಿಡ್ ಬ್ಲಾಕ್‌ಗಳ ಗೋಡೆಯಲ್ಲಿ ಪ್ಲಾಸ್ಟಿಕ್ ಪ್ಲಗ್ ಬಿಗಿಯಾಗಿ ಕೂರುತ್ತದೆ. ಕೆಂಪುಕಲ್ಲಿನಲ್ಲಿ ಹಾಗಲ್ಲ, ಕಲ್ಲಿನೊಳಗೆ ಮಣ್ಣಿನ ಗೂಡುಗಳಿರುವುದರಿಂದ ಡ್ರಿಲ್ಲು ಒಮ್ಮೆ ತಡೆದು, ಮರುಕ್ಷಣ ಬೆಣ್ಣೆಗೆ ಚುಚ್ಚಿದಂತೆ ಒಳಗೆ ನುಗ್ಗುತ್ತದೆ, ಹಾಕಿದ ಪ್ಲಗ್ ಸ್ಕ್ರೂ ಜೊತೆಗೇ ಸುತ್ತುತ್ತದೆ. ನಮ್ಮ ಗೋಡೆಯಲ್ಲಿ ಕೊರೆದ ಆರು ತೂತುಗಳಲ್ಲಿ ನನಗೆ ನಂಬಿಕೆ ಬಂದದ್ದು ಎರಡರ ಮೇಲೆ ಮಾತ್ರ. ಅಂಥಲ್ಲಿ ತೂತನ್ನು ದೊಡ್ಡದಾಗಿ ತೋಡಿ ಗಟ್ಟಿಮರದ ಗೂಟವನ್ನು ಸಿಮೆಂಟಿನೊಂದಿಗೆ ಕೂರಿಸಿ, ಒಣಗಿದ ಮೇಲೆ ಸ್ಕ್ರೂ ಹಾಕುವ ಹಳೆಯ ಪದ್ಧತಿಯೇ ವಾಸಿ. ಮಣ್ಣಿನ ಗೋಡೆಗಾದರೆ ತೂಗುವ ಕಪಾಟಿನ ಆಸೆಯನ್ನೇ ಬಿಡಬೇಕು. ಒಳಗೆಲ್ಲ ಗಾಳಿಗುಳ್ಳೆಗಳಿರುವ ಹಗುರವಾದ ಎಎಸಿ ಬ್ಲಾಕ್ ಗೋಡೆಗಳಿಗೆ ಅವಕ್ಕೆಂದೇ ಬರುವ ಉದ್ದದ ಆಂಕರ್ ಬೇಕು. ಗೋಡೆ ಎಂಥದ್ದೇ ಇರಲಿ, ತೂಗುವ ಕಪಾಟಿನ ಆಳ 10ರಿಂದ 12 ಅಂಗುಲ ಮೀರದಿರುವುದು ಒಳ್ಳೆಯದು. ಭಾರ ಮುಂದಕ್ಕೆ ಸರಿದಷ್ಟೂ ಮೇಲಿನ ಸ್ಕ್ರೂಗಳ ಮೇಲಿನ ಎಳೆತ ಹೆಚ್ಚುತ್ತದೆ.

ನೆಲದ ಮೇಲೆ ನಿಲ್ಲುವ ಕಪಾಟಿಗೆ ಈ ಆತಂಕವಿಲ್ಲ, ಭಾರವೆಲ್ಲ ಅಲ್ಲಿಗೇ ಹೋಗಲಿ. ಅದರ ಬುಡ ಮಾತ್ರ ನೆಲಕ್ಕೆ ತಾಗಬಾರದು. 4 ಅಂಗುಲ ಎತ್ತರದ ಕಾಲುಗಳ ಮೇಲೋ ಪೀಠದ ಮೇಲೋ ನಿಲ್ಲಿಸಿದರೆ ಪೊರಕೆ ಒಳಗೆ ಹೋಗುತ್ತದೆ, ಒರಲೆಯ ಮಣ್ಣುಗೂಡು ಹತ್ತುತ್ತಿದ್ದರೆ ಕಣ್ಣಿಗೆ ಬೀಳುತ್ತದೆ. ಗಾಲಿ ಹಾಕಿದ ಕಪಾಟು ಕೆಲಸದ ಮೇಜಿನ ಕೆಳಗಿನಿಂದ ಎಳೆದುಕೊಳ್ಳಲು ಚೆಂದ. ಆದರೆ ನಾಲ್ಕರಲ್ಲಿ ಎರಡಾದರೂ ಬ್ರೇಕ್ ಇರುವ ಗಾಲಿಗಳಾಗಿರಬೇಕು, ನೆಲವೂ ಸಮತಟ್ಟಾಗಿರಬೇಕು. ಹಳೆಯ ಕೊಟ್ಟಿಗೆಗಳ ನೆಲಕ್ಕೆ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುವುದು ಗಾಲಿ ಹಾಕುವವರೆಗೆ ಯಾರ ಗಮನಕ್ಕೂ ಬರುವುದಿಲ್ಲ.

ತೆರೆದ ಖಾನೆ, ಬಾಗಿಲು, ಡ್ರಾಯರ್

ತೆರೆದ ಖಾನೆ ಮಾಡಲು ಒಂದು ದಿನ ಸಾಕು, ಖರ್ಚೂ ಕಡಿಮೆ. ಬಣ್ಣದ ಡಬ್ಬ, ಮರದ ತುಂಡು, ಕ್ಲ್ಯಾಂಪುಗಳಿಗೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ. ಉಳಿ, ಕೀಸುಳಿಗಳಂಥ ಹರಿತದ ಉಪಕರಣಗಳನ್ನು ಮಾತ್ರ ಅಲ್ಲಿ ಇಡಬಾರದು. ಗರಗಸದ ಹೊಟ್ಟು ಕಬ್ಬಿಣದ ಮೇಲೆ ಕುಳಿತು ಮಳೆಗಾಲದ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಹೊಟ್ಟು ಒರೆಸಿ ನೋಡಿದರೆ ಕೆಳಗೆ ಅದೇ ಆಕಾರದಲ್ಲಿ ತುಕ್ಕು.

ಬಾಗಿಲು ಹಾಕಿದರೆ ಹೊಟ್ಟಿನ ತೊಂದರೆ ತಪ್ಪುತ್ತದೆ, ಆದರೆ ಬಾಗಿಲು ತೆರೆಯಲು ಜಾಗ ಬೇಕು. ಮೇಜಿನ ಕೆಳಗಿನ ಕಪಾಟಿಗೆ 15 ಅಂಗುಲದ ಎರಡು ಬಾಗಿಲು ಹಾಕಿ, ಕೆಲಸದ ನಡುವೆ ಅರೆತೆರೆದು ಬಿಟ್ಟ ಬಾಗಿಲಿಗೆ ಮೊಣಕಾಲು ಬಡಿಸಿಕೊಂಡ ಮೇಲೆ ನಾನು ಅವುಗಳನ್ನು ಕಳಚಿ, 6 ಮಿ.ಮೀ. ಪ್ಲೈವುಡ್ಡಿನ ಎರಡು ಜಾರುಬಾಗಿಲುಗಳನ್ನು ಹಲಗೆಯಲ್ಲಿ ಕೊರೆದ ಉದ್ದ ಕಾಲುವೆಯಂಥ ಗ್ರೂವ್‌ನಲ್ಲಿ ಕೂರಿಸಿದೆ. ಹಿಂಜಿನ ಖರ್ಚೂ ಉಳಿಯಿತು. ಬಾಗಿಲಿನ ಕಪಾಟಿನ ನಿಜವಾದ ದೋಷವಿರುವುದು ಆಳದಲ್ಲಿ. 16 ಅಂಗುಲ ಆಳದ ಖಾನೆಯಲ್ಲಿ ಹಿಂದಿನ ಸಾಲಿಗೆ ಹೋದ ವಸ್ತು ಇಲ್ಲದ್ದಕ್ಕೆ ಸಮ. ಇದ್ದದ್ದೇ ಮರೆತು ಅದನ್ನೇ ಪೇಟೆಯಿಂದ ಇನ್ನೊಮ್ಮೆ ತರುತ್ತೇವೆ.

ಡ್ರಾಯರ್‌ಗಳಿಗೆ ಶ್ರಮ ಹೆಚ್ಚು, ಹಣವೂ ಹೆಚ್ಚು. ಆದರೂ ಮೇಜಿನ ಎತ್ತರಕ್ಕಿಂತ ಕೆಳಗಿನ ಕಪಾಟಿಗೆ ಡ್ರಾಯರ್, ಕಣ್ಣಿನ ಎತ್ತರದ ಕಪಾಟಿಗೆ ಬಾಗಿಲು ಎಂಬುದು ನಾನು ತಲುಪಿದ ತೀರ್ಮಾನ. ಬಗ್ಗಿ ಒಳಗೆ ತಲೆ ತೂರಿಸಿ ಹುಡುಕುವುದಕ್ಕಿಂತ ಎಳೆದು ಮೇಲಿನಿಂದ ನೋಡುವುದು ಎಷ್ಟೋ ಸುಖ. ಬಾಲ್ ಬೇರಿಂಗಿನ ಚಾನೆಲ್ ಹಾಕುವುದಾದರೆ ಪ್ರತಿ ಬದಿಗೆ ಅರ್ಧ ಅಂಗುಲ, ಅಂದರೆ ಎರಡೂ ಕಡೆ ಸೇರಿ 25.4 ಮಿ.ಮೀ. ಬಿಡಬೇಕು, ನಾನು 26 ಬಿಡುತ್ತೇನೆ. ಡ್ರಾಯರ್ ಅರ್ಧ ಮಿ.ಮೀ. ಸಡಿಲವಾದರೆ ಚಾನೆಲ್ಲಿನ ಹಿಂದೆ ರಟ್ಟಿನ ಚೂರು ಕೊಟ್ಟು ಸರಿಪಡಿಸಬಹುದು, ಬಿಗಿಯಾದರೆ ಬಿಚ್ಚಿ ಮತ್ತೆ ಮಾಡುವುದೊಂದೇ ದಾರಿ. ಕರಾವಳಿಯ ಉಪ್ಪು ಗಾಳಿಯಲ್ಲಿ ಸಾಮಾನ್ಯ ಚಾನೆಲ್‌ಗಳು ಬೇಗ ತುಕ್ಕು ಹಿಡಿದು ಕರಕರ ಎನ್ನತೊಡಗುತ್ತವೆ. ಅಲ್ಲಿನವರು, ಚಾನೆಲ್ಲಿಗೆ ಹಣ ಹಾಕಲು ಮನಸ್ಸಿಲ್ಲದವರು ಕಪಾಟಿನ ಬದಿಗೆ ಗಟ್ಟಿಮರದ ಪಟ್ಟಿ ಹೊಡೆದು, ಡ್ರಾಯರ್‌ನ ಬದಿಯಲ್ಲಿ ಗ್ರೂವ್ ತೆಗೆದು, ಮೇಣದ ಬತ್ತಿ ಉಜ್ಜಿ ಓಡಿಸಬಹುದು. ಹಗುರವಾದ ಡ್ರಾಯರ್‌ಗಳಿಗೆ ಇದು ಸಾಲುತ್ತದೆ.

ಹಲಗೆಯ ಆಯ್ಕೆ

ಪಾರ್ಟಿಕಲ್ ಬೋರ್ಡಿನ ಬಗ್ಗೆ ಹೇಳಬೇಕಾದದ್ದನ್ನು ಆಗಲೇ ಹೇಳಿಯಾಗಿದೆ. ಮರದ ನುಣ್ಣನೆಯ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡುವ ಎಂಡಿಎಫ್ ಅದಕ್ಕಿಂತ ಎಷ್ಟೋ ಮೇಲು. ಮೈ ನುಣುಪು, ಅಂಚು ಚೊಕ್ಕ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಕಲಬುರಗಿ, ಬಳ್ಳಾರಿಯಂಥ ಒಣ ಸೀಮೆಗಳಲ್ಲಿ ಒಳಗೋಡೆಗೆ ತೂಗುವ ಹಗುರ ಕಪಾಟಿಗೆ ಅದು ನಡೆದೀತು. ಆದರೆ ಅದು ಭಾರ (8 ಅಡಿಗೆ 4 ಅಡಿಯ 18 ಮಿ.ಮೀ. ಹಾಳೆ ಸುಮಾರು 40 ಕೆ.ಜಿ. ತೂಗುತ್ತದೆ, ಅದೇ ಅಳತೆಯ ಪ್ಲೈವುಡ್ 30ರಿಂದ 35), ಅಷ್ಟು ತೂಗಿಯೂ ಪ್ಲೈವುಡ್ಡಿನ ಅರ್ಧದಷ್ಟು ಬಿಗಿತವೂ ಅದಕ್ಕಿಲ್ಲ. ಅಂಚಿಗೆ ಸ್ಕ್ರೂ ಹಾಕಿದರೆ ಸೀಳುತ್ತದೆ. ಕತ್ತರಿಸುವಾಗ ಏಳುವ ಹುಡಿಯಂತೂ ಹಿಟ್ಟಿನ ಗಿರಣಿಯನ್ನು ನಾಚಿಸುತ್ತದೆ. ಒಳ್ಳೆಯ ಮಾಸ್ಕ್ ಇಲ್ಲದೆ ಅದರ ಹತ್ತಿರ ಹೋಗಬಾರದು.

ಪ್ಲೈವುಡ್ಡಿನಲ್ಲಿ ಮೂರು ದರ್ಜೆಗಳ ಹೆಸರು ಅಂಗಡಿಯಲ್ಲಿ ಕೇಳಿಬರುತ್ತವೆ. ಎಂಆರ್ ಎಂದರೆ ತೇವ ತಡೆಯುವಂಥದ್ದು; ಇದನ್ನು ಕೂಡಿಸುವುದು ಯೂರಿಯಾ ಮೂಲದ ಅಂಟಿನಿಂದ. ಬಿಡಬ್ಲ್ಯುಆರ್ ಎಂದರೆ ಕುದಿನೀರನ್ನು ತಡೆಯುವಂಥದ್ದು. ಇದಕ್ಕೆ ಫಿನಾಲ್ ಮೂಲದ ಅಂಟು. ಇವೆರಡೂ ಐಎಸ್ 303 ಎಂಬ ಭಾರತೀಯ ಮಾನಕದ ಅಡಿ ಬರುತ್ತವೆ. ಮರೀನ್ ಪ್ಲೈವುಡ್ಡಿನ ಮಾನಕ ಐಎಸ್ 710. ಪರೀಕ್ಷೆಯ ಕ್ರಮ ತಿಳಿದರೆ ವ್ಯತ್ಯಾಸ ಮನಸ್ಸಿಗೆ ನಾಟುತ್ತದೆ: ಎಂಆರ್ ತುಂಡನ್ನು 60 ಡಿಗ್ರಿ ಬಿಸಿನೀರಿನಲ್ಲಿ 3 ಗಂಟೆ ಇಟ್ಟು ನೋಡಿದರೆ, ಬಿಡಬ್ಲ್ಯುಆರ್ ತುಂಡನ್ನು 8 ಗಂಟೆ, ಮರೀನ್ ತುಂಡನ್ನು 72 ಗಂಟೆ ಕುದಿಯುವ ನೀರಿನಲ್ಲಿ ಇಟ್ಟು ನೋಡುತ್ತಾರೆ.

ಅಂಗಡಿಯಲ್ಲಿ ಅಂಚನ್ನು ಬೆಳಕಿಗೆ ಹಿಡಿದರೆ ಫಿನಾಲ್ ಅಂಟಿನ ಗೆರೆಗಳು ಕೆಂಗಪ್ಪಾಗಿ ಎದ್ದು ಕಾಣುತ್ತವೆ, ಯೂರಿಯಾ ಅಂಟಿನ ಗೆರೆಗಳು ಮರದ ಬಣ್ಣದಲ್ಲೇ ಬೆರೆತಿರುತ್ತವೆ. ಬಣ್ಣವೊಂದನ್ನೇ ನಂಬುವಂತಿಲ್ಲ, ಅಂಟಿಗೆ ಬಣ್ಣ ಬೆರೆಸುವುದು ದೊಡ್ಡ ವಿದ್ಯೆಯೇನಲ್ಲ. ನಾನು ಹಾಳೆ ಕೊಳ್ಳುವ ಮೊದಲು ಅಂಗೈಯಗಲದ ಚೂರೊಂದನ್ನು ಕೇಳಿ ತಂದು, ಹಳೆಯ ಪಾತ್ರೆಯಲ್ಲಿ ನೀರು ಹಾಕಿ ಬಚ್ಚಲೊಲೆಯ ಮೇಲೆ ಇಟ್ಟುಬಿಡುತ್ತೇನೆ. ಬೆಳಗಿನಿಂದ ಸಂಜೆಯವರೆಗೆ ಕುದಿದ ಮೇಲೂ ಪದರಗಳ ನಡುವೆ ಉಳಿಯ ತುದಿ ತೂರದಿದ್ದರೆ ಆ ಹಲಗೆ ನಮ್ಮ ಮಳೆಗೆ ತಡೆದೀತು. ಒಮ್ಮೆ ಮುದ್ರೆಯೆಲ್ಲ ಸರಿಯಿದ್ದ ಚೂರೊಂದು ಮಧ್ಯಾಹ್ನದ ಊಟದ ಹೊತ್ತಿಗೇ ಹಪ್ಪಳದ ಕಟ್ಟಿನಂತೆ ಬಿಚ್ಚಿಕೊಂಡಿತು.

ಮರಗೆಲಸದ ಕೋಣೆಗೆ ಮರೀನ್ ಬೇಕೇ? ಬೇಡವೆಂದೇ ನನ್ನ ಭಾವನೆ. ದರದಲ್ಲಿ ಅದು ಎಲ್ಲಕ್ಕಿಂತ ಮೇಲು, ಕಪಾಟು ನೀರಿನಲ್ಲಿ ಮುಳುಗಿರುವುದೂ ಇಲ್ಲ. ಮಲೆನಾಡು, ಕರಾವಳಿಗಳಲ್ಲಿ ಬಿಡಬ್ಲ್ಯುಆರ್, ಬೆಂಗಳೂರು–ಮೈಸೂರಿನ ಮನೆಯೊಳಗಿನ ಕೋಣೆಯಲ್ಲಿ ಎಂಆರ್ ಸಾಕು. ಉಳಿದ ಹಣಕ್ಕೆ ಒಳ್ಳೆಯ ಚಾನೆಲ್ ಬರುತ್ತದೆ.

ನಾಟಾ, ಅಂದರೆ ಮರದಿಂದಲೇ ಸೀಳಿದ ಹಲಗೆ ಬಳಸುವ ಆಸೆ ಇರುವವರಿಗೆ ನಮ್ಮಲ್ಲಿ ಅಗ್ಗವಾಗಿ ಸಿಗುವುದು ಸಿಲ್ವರ್ ಓಕ್. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿ ಹಬ್ಬಿಸುವುದಕ್ಕೂ ನೆಟ್ಟ ಈ ಆಸ್ಟ್ರೇಲಿಯಾದ ಮರ ಹೆಸರಿಗೆ ಓಕ್ ಆದರೂ ಆ ಜಾತಿಗೆ ಸೇರಿದ್ದಲ್ಲ. ಸೀಳಿದಾಗ ಕಾಣುವ ಹೊಳೆಯುವ ಚುಕ್ಕೆಗಳು ನೋಡಲು ಅಂದ, ಕೀಸಲೂ ಹಗುರ. ಡ್ರಾಯರ್‌ನ ಬದಿ, ಬಾಗಿಲಿನ ಚೌಕಟ್ಟು, ರೀಪುಗಳಿಗೆ ನಾನು ಇದನ್ನೇ ಬಳಸುತ್ತೇನೆ. ಆದರೆ ಇಡೀ ಕಪಾಟನ್ನು ನಾಟಾದಲ್ಲಿ ಮಾಡುವುದು ಬೇರೆಯೇ ಮಟ್ಟದ ಕೆಲಸ. ಹಸಿ ಹಲಗೆಯನ್ನು ಅಂಗುಲ ದಪ್ಪಕ್ಕೆ ಒಂದು ವರ್ಷದ ಲೆಕ್ಕದಲ್ಲಿ ನೆರಳಲ್ಲಿ ಒಣಗಿಸಬೇಕು. ಒಣಗಿದ ಮೇಲೂ 12 ಅಂಗುಲ ಅಗಲದ ಹಲಗೆ ಬೇಸಿಗೆಯಿಂದ ಮಳೆಗಾಲಕ್ಕೆ ಸುಮಾರು 3 ಮಿ.ಮೀ. ಹಿಗ್ಗಬಲ್ಲದು, ನಮ್ಮ ಬಡಗಿಗಳ ಲೆಕ್ಕದಲ್ಲಿ ಒಂದು ನೂಲು, ಅಂದರೆ ಅಂಗುಲದ ಎಂಟನೇ ಒಂದು ಭಾಗ. ಆ ಹಿಗ್ಗಿಗೆ ಜಾಗ ಬಿಡದೆ ಬಿಗಿದರೆ ಹಲಗೆ ಸೀಳುತ್ತದೆ, ಇಲ್ಲವೇ ಕೂಡಿಕೆ ಬಿಡುತ್ತದೆ. ಹಲಸು, ಸಾಗುವಾನಿಗಳು ಇದಕ್ಕಿಂತ ಉತ್ತಮವೆಂಬುದು ನಿಜ. ಆದರೆ ಬಣ್ಣದ ಡಬ್ಬ ಇಡಲು ಸಾಗುವಾನಿ ಕಡಿಯುವುದು ನನಗೆ ಹಿಡಿಸದ ಮಾತು.

ಕೂಡಿಸುವ ವಿಧಾನ

ಸರಳ ಕಪಾಟಿಗೆ ಎರಡೇ ವಿಧಾನಗಳನ್ನು ಹೋಲಿಸಿದರೆ ಸಾಕು. ಮೊದಲನೆಯದು ಹಲಗೆಗಳನ್ನು ಮೂಲೆಮಟ್ಟಕ್ಕೆ ಹಿಡಿದು, ಅಂಟು ಸವರಿ, ಸ್ಕ್ರೂ ಬಿಗಿಯುವುದು. ಡ್ರಿಲ್ಲೊಂದಿದ್ದರೆ ಯಾರೂ ಮಾಡಬಹುದು. ಪ್ಲೈವುಡ್ಡಿನ ಅಂಚಿಗೆ ಮೊದಲೇ ಸಣ್ಣ ತೂತು ಕೊರೆದು 2 ಅಂಗುಲದ ಸ್ಕ್ರೂ ಹಾಕಬೇಕು. ಕೊರೆಯದಿದ್ದರೆ ಪದರಗಳು ಬಾಯಿ ಬಿಡುತ್ತವೆ. ಎಲ್ಲ ಅಂಗಡಿಗಳಲ್ಲೂ ಸಿಗುವ ಕಪ್ಪು ಜಿಪ್ಸಮ್ ಸ್ಕ್ರೂ ಈ ಕೆಲಸಕ್ಕೆ ಬಂದದ್ದಲ್ಲ. ಅದರ ಕುತ್ತಿಗೆ ಪಟ್ಟನೆ ಮುರಿಯುತ್ತದೆ, ಎರಡು ಮಳೆಗಾಲದಲ್ಲಿ ತುಕ್ಕಿನ ಕಲೆ ಹಲಗೆಯ ಮೇಲೆ ಇಳಿಯುತ್ತದೆ.

ಎರಡನೆಯದು ಬದಿಹಲಗೆಯಲ್ಲಿ 6 ಮಿ.ಮೀ. ಆಳದ ಗ್ರೂವ್ ತೆಗೆದು ಅಡ್ಡಹಲಗೆಯನ್ನು ಅದರಲ್ಲಿ ಕೂರಿಸುವುದು. ಇಲ್ಲಿ ಭಾರ ಸ್ಕ್ರೂ ಮೇಲೆ ಬೀಳದೆ ಹಲಗೆಯ ಮೇಲೇ ಕೂರುತ್ತದೆ, ಕೂಡಿಸುವಾಗ ಹಲಗೆ ಜಾರುವುದೂ ಇಲ್ಲ. ಇದಕ್ಕೆ ರೂಟರ್ (ಗ್ರೂವ್ ಕೊರೆಯುವ ವಿದ್ಯುತ್ ಯಂತ್ರ) ಬೇಕು, ಅಥವಾ ಗರಗಸ, ಉಳಿ, ತಾಳ್ಮೆ ಮೂರೂ ಬೇಕು. 18 ಮಿ.ಮೀ. ಎಂದು ಮಾರುವ ಹಾಳೆ ವರ್ನಿಯರ್‌ಗೆ ಹಿಡಿದರೆ ಹೆಚ್ಚಾಗಿ 17 ಚಿಲ್ಲರೆ ಇರುತ್ತದೆ. 18ರ ಬಿಟ್ಟಿನಲ್ಲಿ ಗ್ರೂವ್ ತೆಗೆದರೆ ಹಲಗೆ ಗಡಗಡ ಅಲ್ಲಾಡುತ್ತದೆ. ಹಾಳೆಯನ್ನು ಮೊದಲು ಅಳೆದು, ಬೇಡದ ತುಂಡಿನಲ್ಲಿ ಒಮ್ಮೆ ತೆಗೆದು ನೋಡಿ, ಆಮೇಲೆ ನಿಜವಾದ ಹಲಗೆಗೆ ಕೈ ಹಚ್ಚಬೇಕು. ತೂಗುವ ಕಪಾಟಿಗೆ ಗ್ರೂವ್, ನೆಲದ ಕಪಾಟಿಗೆ ಸ್ಕ್ರೂ–ಅಂಟು ಎಂದು ನಾನು ಹಂಚಿಕೊಂಡಿದ್ದೇನೆ. ಅಂಟು ಯಾವ ವಿಧಾನಕ್ಕಾದರೂ ನೀರು ತಡೆಯುವ ಮರೀನ್ ಬಗೆಯದ್ದೇ ಇರಲಿ. ಬೆನ್ನಿಗೆ 6 ಮಿ.ಮೀ. ಪ್ಲೈವುಡ್ ಹೊಡೆಯುವುದನ್ನು ಯಾರೂ ಉಳಿತಾಯದ ಹೆಸರಿನಲ್ಲಿ ಬಿಡಬಾರದು. ಕಪಾಟು ಓರೆಯಾಗದಂತೆ ಹಿಡಿಯುವುದು ಅದೊಂದೇ; ಹೊಡೆಯುವ ಮೊದಲು ಎರಡೂ ಕರ್ಣಗಳನ್ನು ಅಳೆದು ಸಮವಾಗಿದೆಯೇ ಎಂದು ನೋಡಿಕೊಂಡರೆ ಮುಂದೆ ಡ್ರಾಯರ್ ಕೂರಿಸುವಾಗ ಶಾಪ ಹಾಕುವುದು ತಪ್ಪುತ್ತದೆ.

ಅಳತೆಯನ್ನು ಹಾಳೆಗೆ ಹೊಂದಿಸುವುದು

8 ಅಡಿಗೆ 4 ಅಡಿಯ ಹಾಳೆಯನ್ನು ಅಂಗಡಿಯಲ್ಲೇ ಉದ್ದಕ್ಕೆ ಮೂರು ಪಟ್ಟಿಗಳಾಗಿ ಸೀಳಿಸಬೇಕು. ಗರಗಸದ ಬಾಯಿಗೆ ಹೋಗುವುದನ್ನು ಕಳೆದು ಪ್ರತಿ ಪಟ್ಟಿ 404 ಮಿ.ಮೀ., ಅಂದರೆ ಸುಮಾರು 16 ಅಂಗುಲ ಅಗಲ ಬರುತ್ತದೆ. ಒಬ್ಬರೇ ಎತ್ತಬಹುದು, ಆಟೋದಲ್ಲೂ ಹಿಡಿಸುತ್ತದೆ. ಒಂದೊಂದು ಪಟ್ಟಿಯಲ್ಲಿ 30 ಅಂಗುಲದ ಮೂರು ತುಂಡುಗಳಂತೆ ಒಟ್ಟು ಒಂಬತ್ತು. ಕಪಾಟೊಂದಕ್ಕೆ ಎರಡು ಬದಿ, ಒಂದು ತಲೆ, ಒಂದು ಬುಡ. ಒಂದೇ ಹಾಳೆಯಲ್ಲಿ 30 ಅಂಗುಲದ ಎರಡು ಕಪಾಟಿನ ಗೂಡು, ಮೇಲೊಂದು ಅಡ್ಡಹಲಗೆ ಹೊರಡುತ್ತವೆ, ವ್ಯರ್ಥವಾಗುವುದು ಬೊಗಸೆಯಷ್ಟು ಚೂರು. ಕಪಾಟಿನ ಆಳ 18 ಅಂಗುಲ ಇರಲೆಂದು ಹಟ ಹಿಡಿದರೆ ಎರಡೇ ಪಟ್ಟಿಗಳು ಬಂದು, ಇನ್ನೊಂದು ಹಾಳೆ ಕೊಳ್ಳಬೇಕಾಗುತ್ತದೆ. 4 ಅಂಗುಲದ ಪೀಠದ ಮೇಲೆ 30 ಅಂಗುಲದ ಕಪಾಟು ನಿಂತರೆ 34 ಅಂಗುಲ. ಅದರ ಮೇಲೊಂದು ದಪ್ಪ ಹಲಗೆ ಹಾಸಿದರೆ ನಿಂತು ಕೆಲಸ ಮಾಡುವ ಮೇಜೇ ಆಯಿತು.

ಗರಗಸ ಹಿಡಿಯಲು ಬಿಡುವೇ ಇಲ್ಲದವರು, ಭಾರದ ಯಂತ್ರಗಳೇ ಹೆಚ್ಚಿರುವವರು ತೂತಿನ ಕಬ್ಬಿಣದ ಆ್ಯಂಗಲ್ಲಿನ ರ್‍ಯಾಕ್ ತಂದು ನಿಲ್ಲಿಸಿಕೊಂಡರೆ ಅದರಲ್ಲೇನೂ ನಾಚಿಕೆಯಿಲ್ಲ. ಹಳೆಯ ಕಬ್ಬಿಣದ ಬೀರು ಸಿಕ್ಕರೂ ಒಳ್ಳೆಯದೇ.

ಕೊನೆಯದಾಗಿ ಮೈಗೆ ಹಚ್ಚುವುದು. ಹೊರಮೈಗೆ ಎನಾಮೆಲ್ ಬಣ್ಣವೋ ವಾರ್ನಿಷ್ಷೋ ಯಾವುದಾದರೂ ಆದೀತು, ಆದರೆ ಒಳಮೈಯನ್ನು ಬರಿದೇ ಬಿಡಬಾರದು. ಒಂದೇ ಕಡೆ ಹಚ್ಚಿದ ಬಾಗಿಲು ಇನ್ನೊಂದು ಕಡೆಯಿಂದ ತೇವ ಹೀರಿ ಬಾಗುತ್ತದೆ. ಕಾಲು, ಪೀಠ, ಬುಡದ ಕೆಳಮೈಗೆ ಕರಾವಳಿಯವರು ದೋಣಿಗೆ, ಪಕಾಸಿಗೆ ಹಚ್ಚುವ ಗೇರೆಣ್ಣೆಯನ್ನು (ಗೇರುಬೀಜದ ಸಿಪ್ಪೆಯ ಎಣ್ಣೆ) ನಾನು ಹಚ್ಚಿದ್ದೇನೆ, ಒರಲೆ ಈವರೆಗೆ ಆ ಕಡೆ ತಲೆ ಹಾಕಿಲ್ಲ. ಅದು ಚರ್ಮಕ್ಕೆ ತಾಗಿದರೆ ಸುಟ್ಟು ಬೊಬ್ಬೆ ಏಳುತ್ತದೆ, ಆದ್ದರಿಂದ ಕೈಗವಸು ಕಡ್ಡಾಯ. ಅಗಸೆ ಎಣ್ಣೆ ಬಳಸುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯದೆ ಬಿಡಿಸಿ ಹೊರಗೆ ಹರಡಬೇಕು. ಮುದ್ದೆಯಲ್ಲಿ ಬಿಸಿ ಏರಿ ತಾನಾಗಿ ಹೊತ್ತಿಕೊಳ್ಳುವುದುಂಟು.

ನಾಟಾದ ಡ್ರಾಯರ್ ಮುಖಗಳನ್ನು ಕೂರಿಸುವಾಗ ಯಾವ ತಿಂಗಳಲ್ಲಿ ಕೂರಿಸುತ್ತಿದ್ದೇವೆ ಎಂಬುದನ್ನೂ ನೋಡಿಕೊಳ್ಳಬೇಕು. ಜುಲೈ ತಿಂಗಳ ಜಡಿಮಳೆಯಲ್ಲಿ ಹಲಗೆ ಪೂರ್ತಿ ಹಿಗ್ಗಿರುತ್ತದೆ, ಆಗ ಕೂದಲೆಳೆಯಷ್ಟು ಸಂದು ಬಿಟ್ಟರೂ ಸಾಕು. ಮಾರ್ಚಿಯಲ್ಲಿ ಕೂರಿಸಿದರೆ ಮೇಲೂ ಕೆಳಗೂ ಒಂದೊಂದು ಮಿ.ಮೀ. ಬಿಡಬೇಕು. ನನ್ನ ಮೊದಲ ಕಪಾಟನ್ನು ನಾನು ಶಿವರಾತ್ರಿಯ ರಜೆಯಲ್ಲಿ ಬಹಳ ಬಿಗಿಯಾಗಿ, ಬಹಳ ಹೆಮ್ಮೆಯಿಂದ ಕೂಡಿಸಿದ್ದೆ. ಅದರ ಕೆಳಗಿನ ಡ್ರಾಯರ್ ಪ್ರತಿ ವರ್ಷ ಜೂನ್ ಕೊನೆಗೆ ಮುಚ್ಚಿಕೊಂಡರೆ ದೀಪಾವಳಿಯ ಹೊತ್ತಿಗೆ ತೆರೆಯುತ್ತದೆ. ಮಳೆಗಾಲದಲ್ಲಿ ಬೇಕಾಗದ ಸಾಮಾನುಗಳನ್ನೇ ಅದರಲ್ಲಿ ಇಟ್ಟಿದ್ದೇನೆ.